ಗಿರಾಕಿಗಳ ಕುರ್ಚಿ

ಉತ್ತರ ಭಾರತದಲ್ಲಿ ಅತ್ತಿಗೆಯ ಮನೆಯಿರುವ ಕಿದ್ವಾಯಿ ನಗರ, ಬೆಳಗ್ಗೆ ಹತ್ತು ಗಂಟೆ. ನನ್ನ ರೈಲು ಮಧ್ಯಾಹ್ನಕ್ಕೆ. ಹಾಕಿಕೊಂಡು ಹೋಗಬೇಕಾದ ಅಂಗಿ ಮಾತ್ರ ಇನ್ನೂ ಬೀದಿಯ ಬೇವಿನ ಮರದ ಕೆಳಗೆ, ಬಟ್ಟೆ ಇಸ್ತ್ರಿ ಮಾಡಿಕೊಡುವ ಕಮಲಾಳ ಮೇಜಿನ ಮೇಲಿದೆ. ತರಲು ಹೊರಟರೆ ಅತ್ತಿಗೆಯೂ ಬಿ.ಪಿ. ಯಂತ್ರ ಹಿಡಿದು ಜೊತೆಗೆ ಬಂದರು. ಅವರು ನರ್ಸು, ರಜೆಯಲ್ಲೂ ಸುಮ್ಮನಿರುವವರಲ್ಲ.

ಹೋದ ವಾರ ಆಸ್ಪತ್ರೆಯಲ್ಲಿ ಕಮಲಾಳ ಬಿ.ಪಿ. ವಿಪರೀತ ಇತ್ತಂತೆ. ಡಾಕ್ಟರು ಮಾತ್ರೆ ಹೆಚ್ಚಿಸುವ ಮಾತಾಡಿದ್ದರಂತೆ.

"ಬಟ್ಟೆ ಗಂಟು ಹೊತ್ತು ಮೂರು ಮಹಡಿ ಹತ್ತಿಳಿದು, ಅಲ್ಲಿಂದ ನೇರ ಆಸ್ಪತ್ರೆಗೆ ಓಡಿದ್ದಾಳೆ. ಏರದೆ ಇನ್ನೇನಾಗತ್ತೆ?" ಎಂದು ಅತ್ತಿಗೆ ದಾರಿಯುದ್ದಕ್ಕೂ ಸಿಡುಕಿದರು.

ಅಲ್ಲಿ ತಲುಪಿದ್ದೇ, "ಮೊದಲು ಐದು ನಿಮಿಷ ಸುಮ್ನೆ ಕೂತ್ಕೋ," ಎಂದರು ಹಿಂದಿಯಲ್ಲಿ.

"ಕೂತರೆ ಇದನ್ನೆಲ್ಲ ಯಾರು ಮಾಡ್ತಾರೆ, ದೀದಿ?" ಕಮಲಾ ಕೆಂಡದ ಇಸ್ತ್ರಿಪೆಟ್ಟಿಗೆ ಬಿಡಲಿಲ್ಲ.

"ನಾನು ಮಾಡ್ತೀನಿ. ಚಲೋ, ಕೊಡು."

ಮರದ ಬುಡದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು, ಗಿರಾಕಿಗಳಿಗೆಂದು. ಹನ್ನೊಂದು ವರ್ಷದಲ್ಲಿ ತಾನು ಅದರಲ್ಲಿ ಕೂತೇ ಇಲ್ಲ ಎಂದು ನಗುತ್ತಾ ಕಮಲಾ ಅಂಚಿನಲ್ಲಿ ಕೂತಳು. ಅತ್ತಿಗೆ ನನ್ನ ಅಂಗಿಯ ತೋಳಿಗೆ ಎರಡೆರಡು ಗೆರೆ ಮೂಡಿಸತೊಡಗಿದರು.

"ಅಯ್ಯೋ, ಕಾಲರ್ ಮೊದಲು!" ಎಂದು ಅವಳು ಏಳಹೋದರೆ ಅತ್ತಿಗೆ ಕಣ್ಣಲ್ಲೇ ಗದರಿಸಿ ಕೂರಿಸಿದರು. ಕೊನೆಗೆ ಕಣ್ಣು ಮುಚ್ಚಿ ಹಿಂದಕ್ಕೊರಗಿದಳು.

ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ಬಿ.ಪಿ. ಸಾಕಷ್ಟು ಇಳಿದಿತ್ತು. ಅತ್ತಿಗೆಯ ಮುಖ ಅರಳಿತು. "ದಿನಾ ಹೀಗೇ ಸ್ವಲ್ಪ ಹೊತ್ತು ಕೂತ್ಕೋ."

"ಅಚ್ಛಾ ದೀದಿ," ಎಂದು ಕಮಲಾ ಎದ್ದಳು. ಕುರ್ಚಿಯನ್ನು ಸೆರಗಿನಿಂದ ಒರೆಸಿ ನನ್ನ ಕಡೆ ಸರಿಸಿದಳು. ಆಮೇಲೆ ನನ್ನ ಅಂಗಿಗೆ ನೀರು ಚಿಮುಕಿಸಿ, ನಿಂತುಕೊಂಡು, ಮೊದಲಿನಿಂದ ಇಸ್ತ್ರಿ ಮಾಡಿದಳು.