ನಕ್ಷೆಯೊಳಗೆ ನಮ್ಮ ಮನೆ ಹೊಂಡವಾಗಿತ್ತು

ಮುಂಬೈಗೆ ಬಂದ ಮೊದಲ ಸಂಜೆ ಶೌಚಾಲಯ ಎಲ್ಲಿದೆ ಎಂದು ಕೇಳಿದೆ. ಮನೆಯೊಡತಿ ಕಸ್ತೂರಕ್ಕ ದಾರಿ ಹೇಳುವ ಮೊದಲು, ಮೊಬೈಲಿನಲ್ಲಿ ಹಾಡುಗಳಿವೆಯೇ ಎಂದು ವಿಚಾರಿಸಿದಳು. ಜೋರಾಗಿ ಹಾಡು ಹಾಕಿಕೊಂಡು ಹೋಗಬೇಕಂತೆ, ಒಬ್ಬಳೇ ಹೋಗಬಾರದಂತೆ, ದಾರಿಯಲ್ಲಿ ಏನು ಬಿದ್ದರೂ ಬಗ್ಗಿ ಎತ್ತಬಾರದಂತೆ. ಬಗ್ಗಿದವರು ಬಿಬಟ್ಯಾನ ಕಣ್ಣಿಗೆ ನಾಯಿಯ ಹಾಗೆ ಕಾಣುತ್ತಾರಂತೆ. ಬಿಬಟ್ಯಾ ಎಂದರೆ ಮರಾಠಿಯಲ್ಲಿ ಚಿರತೆ. ಅರ್ಥ ತಿಳಿದ ಮೇಲೆ ನನಗೆ ಹೋಗುವ ಅವಸರವೇ ಉಳಿಯಲಿಲ್ಲ.

ನಾನು ವಿಜಯಪುರ ಜಿಲ್ಲೆಯವಳು. ನಮ್ಮ ಎರೆಹೊಲದಲ್ಲಿ ನಿಂತರೆ ದೂರದ ದಾರಿಯಲ್ಲಿ ಬರುವ ಸೈಕಲ್ಲು ಯಾರದೆಂದು ಹೇಳಬಹುದು. ಹೆದರುವುದಕ್ಕೂ ಸಾಕಷ್ಟು ಸಮಯ ಸಿಗುತ್ತದೆ. ಇಲ್ಲಿ ಮಲಾಡ್ ಪೂರ್ವದ ಗುಡ್ಡದ ಮೇಲೆ ನಮ್ಮ ಗಲ್ಲಿಯ ಗೋಡೆ ಮುಗಿದಲ್ಲೇ ಕಾಡು ಶುರು. ಕೆಳಗೆ ಮುಗಿಲು ಮುಟ್ಟುವ ಬಿಲ್ಡಿಂಗುಗಳು, ಮೇಲೆ ಚಿರತೆ, ನಡುವೆ ತಗಡಿನ ಒಂಟಿಕೋಣೆಯ ಖೋಲಿಗಳಲ್ಲಿ ನಾವು. ಕಸ್ತೂರಕ್ಕ ಇಂಡಿ ಕಡೆಯವಳು, ಪರೇಲಿನ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುತ್ತಾಳೆ. ಅವಳ ಕೈಯ ಜೋಳದ ರೊಟ್ಟಿಗಾಗಿಯೇ ನಾನು ಆ ಮನೆಯಲ್ಲಿ ಬಾಡಿಗೆಗೆ ನಿಂತೆ. ಹತ್ತನೇ ತರಗತಿ ಓದುವ ಮಗಳು ಸವಿತಾ ನನ್ನ ಕನ್ನಡವನ್ನು ಪೂರ್ತಿ ಕೇಳಿ, ಉತ್ತರವನ್ನು ಹಿಂದಿಯಲ್ಲಿ ಕೊಡುತ್ತಾಳೆ. ಮೊದಲ ತಿಂಗಳು ಅದಕ್ಕೇ ಅಳು ಬರುತ್ತಿತ್ತು.

ನನ್ನ ಕೆಲಸವೋ, ಅದೇ ಚಿರತೆಗಳದ್ದು. ವಿಲೆ ಪಾರ್ಲೆಯ ಒಂದು ಸಣ್ಣ ಕಚೇರಿಯಲ್ಲಿ ಉಪಗ್ರಹ ಚಿತ್ರಗಳಿಂದ ಕಾಡಂಚಿನ ನಕ್ಷೆ ಮಾಡುತ್ತೇವೆ. ಚಿತ್ರದ ಕೆಲವು ತುಣುಕುಗಳಿಗೆ ಕಾಡು, ಹುಲ್ಲು, ನೀರು, ಮನೆ ಎಂದು ನಾನು ಹೆಸರಿಟ್ಟು ತೋರಿಸಿದರೆ, ಉಳಿದವಕ್ಕೆ ಬಣ್ಣ ನೋಡಿ ಕಂಪ್ಯೂಟರೇ ಹೆಸರಿಡುತ್ತದೆ. ಪ್ರಾಣಿಗಳು ಯಾವ ದಾರಿಯಲ್ಲಿ ನಡೆದಾಡಬಹುದು ಎಂಬುದನ್ನು ಆಮೇಲೆ ಲೆಕ್ಕ ಹಾಕುತ್ತೇವೆ. ಜನವಿರುವ ಕಡೆ ಬೇಲಿ ಮತ್ತು ಬೀದಿದೀಪ, ಪ್ರಾಣಿಗಳಿಗೆ ನೀರಿರುವ ಕಡೆ ಕತ್ತಲು ಮತ್ತು ಬೇಲಿಯಲ್ಲೊಂದು ಕಂಡಿ ಎಂದು ನಮ್ಮ ನಕ್ಷೆ ಅರಣ್ಯ ಇಲಾಖೆಗೆ ಸಲಹೆ ಕೊಡಬೇಕಿತ್ತು.

ಮಳೆಗಾಲದ ಒಂದು ಸಂಜೆ ಸವಿತಾ ಶೌಚಾಲಯದಿಂದ ಓಡಿಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಚಿರತೆ ಗೋಡೆಯ ಮೇಲಿಂದ ಇಳಿದು, ಅವಳ ಮುಂದಿದ್ದ ನಾಯಿಯನ್ನು ಕಚ್ಚಿಕೊಂಡು ಹೋಯಿತಂತೆ. ಅಷ್ಟು ಹೇಳಿದ ಮೇಲೆ ಹುಡುಗಿಗೆ ಯಾವ ಭಾಷೆಯೂ ಹೊರಡಲಿಲ್ಲ. ಅವಳ ಹಿಂದೆಯೇ ಹೊರಡಬೇಕಿದ್ದವಳು ನಾನು.

ಮರುದಿನ ಕಚೇರಿಯಲ್ಲಿ, ಆ ಶೌಚಾಲಯ ಮರಗಳಿಗೆ ಎಷ್ಟು ಹತ್ತಿರ ನೋಡೋಣವೆಂದು ನಕ್ಷೆ ತೆರೆದು ನಮ್ಮ ಗಲ್ಲಿಯನ್ನು ಹುಡುಕಿದೆ. ಗಲ್ಲಿ ಇರಲಿಲ್ಲ. ಅದರ ಜಾಗದಲ್ಲಿ ಸಾಲು ಸಾಲು ಹೊಂಡಗಳಿದ್ದವು.

ಊರಲ್ಲಿದ್ದಾಗ ನಾನು ಮಾಡುತ್ತಿದ್ದುದು ಕೃಷಿಹೊಂಡಗಳ ನಕ್ಷೆ. ನಮ್ಮ ಕಡೆ ರೈತರು ಹೊಂಡಕ್ಕೆ ನೀಲಿ ಪ್ಲಾಸ್ಟಿಕ್ ಹಾಳೆ ಹಾಸಿ ನೀರು ನಿಲ್ಲಿಸುತ್ತಾರೆ. ಮೇಲಿನಿಂದ ನೋಡಿದರೆ ನೀಲಿ ಚೌಕ. ಮುಂಬೈಯಲ್ಲಿ ಮಳೆಗೆ ಮುಂಚೆ ಖೋಲಿಗಳ ಮೇಲೆ ನೀಲಿ ತಾಡಪತ್ರಿ ಹೊದಿಸುತ್ತಾರೆ. ಮೇಲಿನಿಂದ ಅದೂ ನೀಲಿ ಚೌಕ. ನಾನು ಮಳೆಗಾಲದ ಚಿತ್ರ ತೆರೆದವಳೇ, ರೂಢಿಬಿದ್ದ ಕೈಯಿಂದ ಅವಕ್ಕೆಲ್ಲ 'ನೀರು' ಎಂದು ಹೆಸರಿಟ್ಟಿದ್ದೆ. ಗುಡ್ಡದ ಮೇಲೆ ಇಷ್ಟೊಂದು ನೀರೇ ಎಂದು ಹಿಗ್ಗಿಯೂ ಇದ್ದೆ. ಕಂಪ್ಯೂಟರು ನಾನು ಕಲಿಸಿದ್ದನ್ನೇ ಕಲಿತು, ಚಿರತೆಯ ದಾರಿಯನ್ನು ನೀರು ಕುಡಿಯಲೆಂದು ನೇರ ಕಸ್ತೂರಕ್ಕನ ಒಲೆಯ ಮೇಲೆ ಎಳೆದಿತ್ತು. ಆ ನಕ್ಷೆ ಇಲಾಖೆಗೆ ಹೋದರೆ ನಮ್ಮ ಗಲ್ಲಿಗೆ ದೀಪ ಬರುವುದಿಲ್ಲ, ಕಂಡಿ ಬರುತ್ತದೆ.

ಕೆಲಸ ಹೋಗುವ ಭಯದಲ್ಲೇ ಮೇಲಿನವರಾದ ಶೆಟ್ಟರಿಗೆ ತೋರಿಸಿದೆ. ಅವರು ಕರಾವಳಿಯವರು, ಇಲ್ಲಿಯ ಫೋರ್ಟ್ ಪ್ರದೇಶದ ಉಡುಪಿ ಹೋಟೆಲುಗಳ ನಡುವೆ ಬೆಳೆದವರು. ಬೈಯಲಿಲ್ಲ. ಕಾಡಿನ ಗಡಿಯ ಗೆರೆಯನ್ನು ನಕ್ಷೆಯ ಮೇಲೆ ತಂದಿಟ್ಟರು. ನಮ್ಮ ಗಲ್ಲಿ ಗೆರೆಯ ಒಳಗಿತ್ತು, ಅಂದರೆ ಕಾಗದದ ಲೆಕ್ಕಕ್ಕೆ ಅರಣ್ಯದ ಜಾಗದಲ್ಲಿ.

"ಸರಿ ಮಾಡುವ. ಆದ್ರೆ ನೋಡು, ನೀರು ಅಂತ ಇದ್ರೆ ಯಾರೂ ಕೇಳುದಿಲ್ಲ. ಮನೆ ಅಂತ ಆದ್ರೆ ಎಲ್ರಿಗೂ ಕಾಣ್ತದೆ ಮಾರಾಯ್ತಿ, ಒಡೆಯುವವರಿಗೂ."

ಅತ್ತ ದರಿ ಇತ್ತ ಪುಲಿ ಎಂದು ಶಾಲೆಯಲ್ಲಿ ಬರೆದು ಅಂಕ ಗಿಟ್ಟಿಸಿದ್ದೆ. ಅರ್ಥ ಅಂದು ಲೋಕಲ್ ರೈಲಿನಲ್ಲಿ ನಿಂತು ಬರುವಾಗ ಆಯಿತು. ಇದನ್ನು ನಾನೊಬ್ಬಳೇ ತೀರ್ಮಾನಿಸುವುದು ತಪ್ಪೆನಿಸಿ ಕಸ್ತೂರಕ್ಕನಿಗೆ ಎಲ್ಲ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳ ಕೈ ನಿಂತಿತು. ಒಮ್ಮೆ ಮನೆ ಒಡೆಸಿಕೊಂಡವಳು ಅವಳು. ಕೆಳಗಿನ ಗುಡ್ಡದಿಂದ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಮೇಲೆ ಬಂದಿದ್ದಳಂತೆ. ಸವಿತಾಳ ಕಡೆ ನೋಡಿದಳು.

"ಹಾಕವ್ವ ನಮ್ಮನ್ನ," ಅಂದಳು. "ಒಡದ್ರ ಮತ್ತ ಕಟ್ಟೂನು. ಹುಡುಗಿನ್ನ ಒಯ್ದ್ರ ಯಾರಿಗಿ ಕೇಳೂದು?"

ಗಲ್ಲಿಯ ಉಳಿದ ಹೆಂಗಸರಿಗೂ ಅವಳೇ ಹೇಳಿದಳು. ಬೇಡ ಎಂದವರೂ ಇದ್ದರು, ಜಗಳವೂ ಆಯಿತು. ಕೊನೆಗೆ ಹೆಣ್ಣುಮಕ್ಕಳಿದ್ದ ಮನೆಗಳವರ ಮಾತು ನಿಂತಿತು. ನಾನು ಒಂದೊಂದೇ ಹೊಂಡವನ್ನು ಅಳಿಸಿ ಮನೆ ಮಾಡಿದೆ. ನಕ್ಷೆಯಲ್ಲಿ ಮನೆಯ ಬಣ್ಣ ಕೆಂಪು. ನಕ್ಷೆ ಇಲಾಖೆಗೆ ಹೋಯಿತು.

ಊರಿಗೆ ಫೋನು ಮಾಡಿದರೆ ಅವ್ವ ಹುಲಿಯ ಮಾತಷ್ಟೇ ಕೇಳುತ್ತಾಳೆ, ಅವಳಿಗೆ ಚಿರತೆಯೂ ಹುಲಿಯೇ. ಚಿರತೆಯ ಹೆದರಿಕೆ ಈಗಲೂ ಇದೆ. ಆದರೆ ಅದಕ್ಕಿಂತ ಹೆಚ್ಚು ಹೆದರಿದ್ದು ಮೊನ್ನೆ ಭಾನುವಾರ, ಹಾಡುಹಗಲೇ, ಇಬ್ಬರು ಟೇಪು ಹಿಡಿದು ಗಲ್ಲಿಗೆ ಬಂದಾಗ. ಒಬ್ಬ ಅಳೆಯುತ್ತಿದ್ದ, ಇನ್ನೊಬ್ಬ ಬಾಗಿಲುಗಳ ಮೇಲೆ ನಂಬರು ಬರೆಯುತ್ತಿದ್ದ. ಅವನ ಕೈಯಲ್ಲಿದ್ದದ್ದು ನನ್ನ ನಕ್ಷೆ. ಹೆಂಗಸರೆಲ್ಲ ಹೊರಗೆ ಬಂದು ಅವರನ್ನು ಬಿಟ್ಟು ನನ್ನನ್ನೇ ನೋಡಿದರು.

"ನಿಮ್ಮವರೇನವ್ವ ಇವ್ರು?" ಎಂದಳು ಕಸ್ತೂರಕ್ಕ. "ಲೈಟಿಗಿ ಬಂದಾರೋ, ಒಡ್ಯಾಕ?"

ನನಗೆ ಗೊತ್ತಿರಲಿಲ್ಲ. ಇಲ್ಲಿ ಕಲಿತಷ್ಟು ಮರಾಠಿಯಲ್ಲಿ ಕೇಳಿದೆ. ನಂಬರು ಹಾಕುವುದಷ್ಟೇ ತಮ್ಮ ಕೆಲಸ ಎಂದು ಬರೆಯುತ್ತಿದ್ದವನು ಹೇಳಿ, ನಮ್ಮ ಬಾಗಿಲಿಗೆ ಬಂದು, ಈ ಮನೆಯಲ್ಲಿ ಯಾರು ಯಾರು ಇರುತ್ತೀರಿ ಎಂದು ಕೇಳಿದ. ಕಸ್ತೂರಕ್ಕ ತನ್ನ ಹೆಸರು ಹೇಳಿದಳು, ಮಗಳ ಹೆಸರು ಹೇಳಿದಳು, ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಹೆಸರೂ ಬರಸ್ಲೇನವ್ವ?" ಎಂದು ಕೇಳಿದಳು.