ಅಣ್ಣನನ್ನು ಹುಡುಕಿ ಕೊಲ್ಲೂರು ಘಟ್ಟ ಹತ್ತಿದ್ದು

ಅಣ್ಣ ಕಾಣೆಯಾಗಿ ವರ್ಷ ದಾಟಿತ್ತು. ಮಳೆ ಹಿಂದೆ ಸರಿದ ಒಂದು ಭಾನುವಾರ ನಾನು ಮತ್ತು ಅತ್ತಿಗೆ ನನ್ನ ಕಾರಿನಲ್ಲಿ ಕೊಲ್ಲೂರು ಘಟ್ಟ ಹತ್ತಿದೆವು. ಘಟ್ಟದ ಮೇಲಿನ ನಿಟ್ಟೂರಿನ ಕಡೆಯ ಚಹಾ ಅಂಗಡಿಯವನೊಬ್ಬ ಹಿಂದಿನ ಸಂಜೆ ಫೋನ್ ಮಾಡಿದ್ದ. ವಾಟ್ಸಾಪಿನಲ್ಲಿ ಓಡಾಡುತ್ತಿದ್ದ ಅಣ್ಣನ ಫೋಟೋ ಅವನಿಗೂ ತಲುಪಿತ್ತಂತೆ. ಅದೇ ತರದ ಮನುಷ್ಯ ತನ್ನ ಅಂಗಡಿಯ ಹತ್ತಿರ ಇದ್ದಾನೆ ಎಂದ.

ಅಣ್ಣನಿಗೆ ಹೆಮ್ಮಾಡಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇತ್ತು. ಒಂದು ಬೆಳಿಗ್ಗೆ ಬಾಗಿಲು ತೆರೆದಿಟ್ಟು, ಪಕ್ಕದವರಿಗೆ "ಈಗ ಬತ್ತೆ" ಎಂದು ಹೇಳಿ ಹೋದವನು ಬರಲಿಲ್ಲ. ಯಾಕೆ ಹೋದ ಎನ್ನುವುದು ನಮಗೆ ಇವತ್ತಿಗೂ ತಿಳಿದಿಲ್ಲ. ಮೊದಲ ತಿಂಗಳುಗಳಲ್ಲಿ ಜನ ನೂರು ಕಾರಣ ಹೇಳಿದರು. ಆಮೇಲೆ ನಮ್ಮನ್ನು ಕಂಡರೆ ಬೇರೆ ಮಾತು ತೆಗೆಯತೊಡಗಿದರು.

ಅತ್ತಿಗೆ ಒಂದು ಚೀಲದಲ್ಲಿ ಅವನ ಅಂಗಿ, ಪಂಚೆ, ಸ್ಟೀಲ್ ಡಬ್ಬಿಯಲ್ಲಿ ನೀರ್‌ದೋಸೆ ಇಟ್ಟುಕೊಂಡಿದ್ದಳು. ವಂಡ್ಸೆ ದಾಟುವವರೆಗೂ ಅಂಗಡಿಯವನು ಫೋನಿಗೆ ಕಳಿಸಿದ್ದ ಫೋಟೋವನ್ನು ದೊಡ್ಡದು ಮಾಡಿ ನೋಡುತ್ತಲೇ ಇದ್ದಳು. ತಲೆ ತಗ್ಗಿಸಿ ಕೂತ, ಗಡ್ಡ ಬೆಳೆದ ಒಬ್ಬ.

"ಹೆಣೆ, ಕಾಣ್. ಕಿಮಿ ಅವ್ರದ್ದೇ," ಎಂದು ಅವನ ಕಿವಿಯ ಮೇಲೆ ಬೆರಳಿಟ್ಟು ನನಗೆ ತೋರಿಸಿದಳು.

ನಾನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಕೊಲ್ಲೂರು ದಾಟಿದ್ದೇ ಕಾಡು. ತಿರುವಿನ ಮೇಲೆ ತಿರುವು. ಬಂಡೆಯ ಮೈಮೇಲೆ ಇನ್ನೂ ನೀರು ಇಳಿಯುತ್ತಿತ್ತು, ಮರಗಳ ನಡುವೆ ಮಂಜು ಸಿಕ್ಕಿಕೊಂಡಿತ್ತು. ದಾರಿ ಬದಿಯಲ್ಲಿ ಕಾರು ನಿಲ್ಲಿಸಿ ಹುಡುಗಿಯರು ಕೊಡೆ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನೂ ಹಿಂದೊಮ್ಮೆ ಅಲ್ಲಿ ನಿಂತು ನಕ್ಕವಳೇ. ಅವತ್ತು ಮಾತ್ರ ಪ್ರತಿ ತಿರುವಿನಲ್ಲೂ ಮರದ ಬುಡ ನೋಡುತ್ತಿದ್ದೆ. ಒಬ್ಬ ಮನುಷ್ಯ ಈ ರಸ್ತೆ ಬಿಟ್ಟು ಹತ್ತು ಹೆಜ್ಜೆ ಒಳಗೆ ಹೋದರೆ ಯಾರಿಗೆ ಕಾಣುತ್ತಾನೆ? ನಾವು ಆಸ್ಪತ್ರೆ, ಬಸ್‌ಸ್ಟ್ಯಾಂಡ್, ಮುಂಬೈಯ ಹೋಟೆಲುಗಳಲ್ಲೆಲ್ಲ ವಿಚಾರಿಸಿದ್ದೆವು. ಕಾಡನ್ನು ಯಾರ ಹತ್ತಿರ ವಿಚಾರಿಸುವುದು?

ಅತ್ತಿಗೆಗೆ ತಿರುವುಗಳಿಂದ ಹೊಟ್ಟೆ ತೊಳಸಿ, ಎರಡು ಸಲ ಕಾರು ನಿಲ್ಲಿಸಬೇಕಾಯಿತು. ಬಾಯಿ ತೊಳೆದುಕೊಂಡು ಬಂದು, "ಬೇಗ ಹೋಪ. ಅವ್ರ್ ಅಲ್ಲಿಂದ ಎದ್ದ್ ಹೋರೆ?" ಎಂದಳು.

ಅಂಗಡಿಯವನು ರಸ್ತೆಗೇ ಬಂದು ನಿಂತಿದ್ದ. "ಮಾತೇ ಆಡಲ್ಲ ಕಣಮ್ಮ. ಕೊಟ್ರೆ ತಿಂತಾರೆ," ಎನ್ನುತ್ತ ಅಂಗಡಿಯ ಹಿಂದೆ ಕಟ್ಟಿಗೆ ಇಡುವ ಕೊಟ್ಟಿಗೆ ತೋರಿಸಿದ.

ಅತ್ತಿಗೆ ನನಗಿಂತ ಮುಂದೆ ಓಡಿದಳು. ಆ ಮನುಷ್ಯ ಗೋಣಿ ಹಾಸಿಕೊಂಡು ಕೂತಿದ್ದ. ಹೆಜ್ಜೆ ಸಪ್ಪಳಕ್ಕೆ ತಲೆ ಎತ್ತಿದ. ಅಣ್ಣನಲ್ಲ. ವಯಸ್ಸು ಅಷ್ಟೇ, ಮೈಕಟ್ಟು ಅದೇ, ಮುಖ ಇನ್ನಾರದೋ. ಅತ್ತಿಗೆ ಹಾಗೆಯೇ ನಿಂತಳು. ಆಮೇಲೆ ಅವನೆದುರು ಕೂತು ಡಬ್ಬಿ ಬಿಚ್ಚಿದಳು. ಅವನು ದೋಸೆ ತಿಂದ. ಚೀಲದಿಂದ ಅಂಗಿ ತೆಗೆದು ಕೊಟ್ಟಳು. ಹಾಕಿಕೊಂಡ, ಗುಂಡಿ ಹಾಕಲು ಬರಲಿಲ್ಲ. ಅವಳೇ ಹಾಕಿದಳು. ಅಣ್ಣನ ನೀಲಿ ಗೆರೆಯ ಅಂಗಿ ಈಗ ಬೇರೆಯವನ ಮೈಮೇಲಿತ್ತು.

ಆಗ ಅತ್ತಿಗೆ ಮೆತ್ತಗೆ ಕೇಳಿದಳು: "ನಮ್ ಒಟ್ಟಿಗೆ ಬತ್ರ್ಯಾ?"

"ಅತ್ತಿಗೆ," ಎಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. "ಮನಿ ಇತ್ತ್. ಜಾಗ ಇತ್ತ್. ಬನ್ನಿ," ಎಂದಳು ಮತ್ತೆ.

ಅವನು ಸ್ವಲ್ಪ ಹೊತ್ತು ಅವಳನ್ನು ನೋಡಿ ಗೋಣಿಯ ಮೇಲೆ ಮಲಗಿ ಗೋಡೆಯ ಕಡೆ ತಿರುಗಿಕೊಂಡ. ನಾನು ಅತ್ತಿಗೆಯ ತೋಳು ಹಿಡಿದು ಎಬ್ಬಿಸಿದೆ. ಅಂಗಡಿಯವನು ಚಹಾ ಕೊಟ್ಟು, ತಪ್ಪು ತನ್ನದೇ ಎಂಬಂತೆ ಮತ್ತೆ ಮತ್ತೆ ಕ್ಷಮೆ ಕೇಳಿದ.

ಇಳಿಯುವಾಗ ಬಿಸಿಲು ಬಿದ್ದಿತ್ತು. ಒಂದು ತಿರುವಿನಲ್ಲಿ ಕಣಿವೆ ಪೂರ್ತಿ ತೆರೆದುಕೊಂಡಿತು. ಹಸಿರು, ಅದರ ಆಚೆ ಮತ್ತೂ ಹಸಿರು. ಅತ್ತಿಗೆ ಕಾರು ನಿಲ್ಲಿಸು ಎಂದಳು. ತಂತಿ ಬೇಲಿಯ ಹತ್ತಿರ ನಿಂತು ಬಹಳ ಹೊತ್ತು ನೋಡಿದಳು. ಅವಳ ಕೈಯನ್ನು ನಾನು ಬಿಗಿಯಾಗಿ ಹಿಡಿದಿದ್ದೆ, ಅವಳಿಗೂ ಅದು ಯಾಕೆಂದು ಗೊತ್ತಿತ್ತು.

"ಹೆದರ್ಬೇಡ. ನಾ ಎಂತದೂ ಮಾಡ್ಕಂತಿಲ್ಲೆ," ಎಂದಳು. "ಎಷ್ಟ್ ದೊಡ್ಡ ಕಾಡ್ ಅಲ್ದಾ. ಇಷ್ಟರೊಳ್ಗೆ ಎಲ್ಲಿ ಅಂತ ಹುಡ್ಕುದ್?"

ಹಿಂದಿನಿಂದ ಬಸ್ಸು ಹಾರನ್ ಹೊಡೆಯಿತು. ಕಾರು ಹತ್ತಿದೆವು.

ಹೆಮ್ಮಾಡಿಗೆ ಬಂದ ಮೇಲೂ ಅವಳು ಮನೆಗೆ ಹೋಗೋಣ ಎನ್ನಲಿಲ್ಲ. ಮುಂದಿನ ಊರು ತಲ್ಲೂರಿನವರೆಗೆ ಸುಮ್ಮನೆ ಹೋಗಿ, ತಿರುಗಿಸಿಕೊಂಡು ಮತ್ತೆ ಬಂದೆವು.

ಆಮೇಲೂ ಫೋನುಗಳು ಬಂದವು. ಸಾಗರದಿಂದ, ಒಮ್ಮೆ ಪುಣೆಯಿಂದ. ಯಾರೂ ಅಣ್ಣನಲ್ಲ. ನೆಂಟರು ಉತ್ತರಕ್ರಿಯೆ ಮಾಡಿ ಮುಗಿಸಿ ಎನ್ನುತ್ತಾರೆ. ಅತ್ತಿಗೆ ಒಪ್ಪಿಲ್ಲ, ಬೇಡ ಎಂದೂ ಹೇಳಿಲ್ಲ. ಮೊನ್ನೆ ಅಕ್ಕಿ ಆರಿಸುತ್ತ ಕೂತವಳು ಸುಮ್ಮನೆ ಎಂದಳು: "ಒಂದೊಂದ್ ದಿನ ಅವ್ರ್ ಸತ್ತೇ ಹೋಯಿರ್ಲಿ ಅಂದೇಳಿ ಮನ್ಸಿಗೆ ಕಾಂತ್, ಹೆಣೆ. ಮರುದಿನ ಎದ್ರೆ ಹಾಂಗ್ ಕಂಡದ್ದಕ್ಕೇ ಸಾಯ್ವಾ ಅಂತ ಆತ್ತ್."

ನಾನು ಅವಳ ಮೊರದಿಂದ ಒಂದು ಹಿಡಿ ಅಕ್ಕಿ ತೆಗೆದುಕೊಂಡು ಕಲ್ಲು ಹುಡುಕುತ್ತ ಕೂತೆ.