ಬರ್ತೇನ್ರಿ ಎಂದು ಹೇಳಿ ಬಿಟ್ಟ ನೌಕರಿ

ನಾನು ನೌಕರಿ ಬಿಟ್ಟದ್ದು ಒಂದು ಸುಳ್ಳು ಹೇಳಿ. ಸುಳ್ಳು ಎಂದ ಕೂಡಲೇ ಅಜ್ಜಿ ತೀರಿಕೊಂಡರು, ಹೊಟ್ಟೆ ಕೆಟ್ಟಿದೆ ಅನ್ನುವ ಜಾತಿಯದನ್ನು ನೆನೆಯಬೇಡಿ. ಅವನ್ನೆಲ್ಲ ನೌಕರಿಯಲ್ಲಿದ್ದಾಗಲೇ ಹೇಳಿ ಮುಗಿಸಿದ್ದೆ. ಇದು ಒಂದೇ ಪದದ ಸುಳ್ಳು, ಹೇಳುವಾಗ ಅದು ಸುಳ್ಳೆಂದು ನನಗೂ ಗೊತ್ತಿರಲಿಲ್ಲ. ಕೊನೆಯ ದಿನ ಸಂಜೆ ಬ್ಯಾಗು ಹೆಗಲಿಗೇರಿಸಿ ಮ್ಯಾನೇಜರರ ಬಾಗಿಲಲ್ಲಿ ನಿಂತು, "ಬರ್ತೇನ್ರಿ ಸರ್" ಅಂದೆ. ಅಷ್ಟೇ.

ಇದರಲ್ಲಿ ಸುಳ್ಳೇನು ಬಂತು ಎನ್ನುತ್ತೀರಿ. ನಮ್ಮ ಕಡೆ ಹೋಗುವವರೆಲ್ಲ ಬರ್ತೇನಿ ಅಂತಲೇ ಹೇಳಿ ಹೋಗುವುದು. ಹಾನಗಲ್ಲಿನ ನಮ್ಮ ಮನೆಯಲ್ಲಿ ಬರಿದೇ "ಹೋಗ್ತೇನಿ" ಎಂದು ಹೊಸ್ತಿಲು ದಾಟಿದರೆ ಅವ್ವ ಒಳಗಿನಿಂದ ಓಡಿ ಬಂದು, ತಿರುಗಿ ಕರೆದು, ಕೂರಿಸಿ, ನೀರು ಕುಡಿಸಿ, ಸರಿಯಾಗಿ ಹೇಳಿಸಿಯೇ ಕಳಿಸುತ್ತಾಳೆ. ಹಾಗೆ ನೋಡಿದರೆ ನಮ್ಮ ಮನೆಮಾತು ಕೆಟ್ಟ ಸುದ್ದಿಯನ್ನು ನೇರವಾಗಿ ಹೇಳುವುದೇ ಇಲ್ಲ. ಬಳೆ ಒಡೆಯುವುದಿಲ್ಲ, ಹೆಚ್ಚಾಗುತ್ತವೆ. ಡಬ್ಬಿಯಲ್ಲಿ ಅಕ್ಕಿ ತೀರುವುದಿಲ್ಲ, ಅದೂ ಹೆಚ್ಚಾಗುತ್ತದೆ. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಹೋಗುವವನು ಹೋಗುವುದಿಲ್ಲ, ಬರುತ್ತಾನೆ. ನಮ್ಮ ತಾಲೂಕಿನ ಆಡೂರಿನಲ್ಲಿ ಚಾಲುಕ್ಯರ ಕಾಲದ ಶಾಸನಗಳಿವೆ. ಕೊಟ್ಟ ಮಾತನ್ನು ಕಲ್ಲಿನಲ್ಲಿ ಕೆತ್ತಿಸಬೇಕಾಗಿತ್ತು ಎಂದರೆ ಬಾಯಿಮಾತಿನ ಮೇಲೆ ಅರಸರಿಗೂ ಅಷ್ಟೇನೂ ಭರವಸೆ ಇರಲಿಲ್ಲ ಎಂದಾಯಿತು. ಬರ್ತೇನಿ ಎಂಬುದನ್ನಂತೂ ಯಾವ ಅರಸನೂ ಕೆತ್ತಿಸಿದಂತೆ ಕಾಣೆ. ಕೆತ್ತಿಸಿದ್ದರೆ ಈ ಸೀಮೆಯ ಅರ್ಧ ಜನ ಕಟಕಟೆ ಹತ್ತಬೇಕಾಗುತ್ತಿತ್ತು.

ತೊಂದರೆಯಾದದ್ದು ನಮ್ಮ ಮ್ಯಾನೇಜರ್ ತಿವಾರಿ ಸಾಹೇಬರು ಉತ್ತರಪ್ರದೇಶದ ಕಾನಪುರದ ಕಡೆಯವರಾದ್ದರಿಂದ. ಶಿಗ್ಗಾವಿಯ ಹತ್ತಿರ ಹೆದ್ದಾರಿಯ ಬದಿಗೆ ಪ್ಯಾಕಿಂಗ್ ಯಂತ್ರ ತಯಾರಿಸುವ ಕಾರ್ಖಾನೆಯಲ್ಲಿ ಅವರು ಮ್ಯಾನೇಜರು, ನಾನು ಯಂತ್ರಗಳ ಗುಣಮಟ್ಟ ನೋಡುವ ಎಂಜಿನಿಯರು. ಸಾಹೇಬರು ಬಹಳ ಒಳ್ಳೆಯವರು. ಬಂದ ಊರಿನ ಭಾಷೆ ಕಲಿಯಬೇಕೆಂದು ಹಟ ಹಿಡಿದು, ಮೊಬೈಲಿನಲ್ಲಿ ದಿನಕ್ಕಿಷ್ಟು ಶಬ್ದ ಎಂದು ಕಲಿತವರು. ಅವರ ಮೊಬೈಲಿನ ಪ್ರಕಾರ ಬರ್ತೇನೆ ಎಂದರೆ ಬರುತ್ತೇನೆ. ಸಾಲದ್ದಕ್ಕೆ ನಾನು ಹಳೆ ಬಟ್ಟೆಯ ತುಂಡು ಸೇರಿಸಿ ಅವ್ವ ಹೊಲಿದುಕೊಟ್ಟ ಪುಟ್ಟ ಕೌದಿಯನ್ನು ಕುರ್ಚಿಯ ಮೇಲೇ ಮರೆತು ಬಂದಿದ್ದೆ. ನಮ್ಮ ಬಸ್ಸುಗಳಲ್ಲಿ ಸೀಟಿನ ಮೇಲೆ ಒಂದು ಟವೆಲ್ಲು ಬಿದ್ದಿದ್ದರೆ ಆ ಸೀಟಿನವರು ಬರುವವರಿದ್ದಾರೆ ಎಂದರ್ಥ. ಈ ಶಾಸ್ತ್ರವನ್ನು ಸಾಹೇಬರು ಹುಬ್ಬಳ್ಳಿ ಬಸ್ಸಿನಲ್ಲಿ ನಿಂತುಕೊಂಡು ಕಲಿತಿದ್ದರು. ಬರ್ತೇನ್ರಿ ಅಂದಿದ್ದಾಳೆ, ಕೌದಿಯನ್ನೂ ಹಾಕಿಟ್ಟಿದ್ದಾಳೆ. ಅವರು ನನ್ನ ರಾಜೀನಾಮೆಯನ್ನು ಮೇಲಕ್ಕೆ ಕಳಿಸದೆ, ಬಿನ್‌ಪಗಾರಿ, ಅಂದರೆ ಸಂಬಳವಿಲ್ಲದ ರಜೆ ಎಂದು ಹೇಳಿ ಕುರ್ಚಿಯನ್ನು ಕಾಯ್ದಿಟ್ಟರು.

ಇದಾವುದೂ ನನಗೆ ತಿಳಿಯದು. ನಾನು ಸವಣೂರಿನಲ್ಲಿ ಅಂಗಡಿ ಹಾಕುವ ಸಂಭ್ರಮದಲ್ಲಿದ್ದೆ. ಯೋಚನೆ ಸರಳವಾಗಿತ್ತು. ಸವಣೂರಿನ ಕುರುಕಲು ತಿಂಡಿ ಖಾರಾ ಎಂದರೆ ಈ ಕಡೆಯವರಿಗೆಲ್ಲ ಬಾಯಲ್ಲಿ ನೀರು. ಆದರೆ ಅದು ಕಾಗದದ ಪೊಟ್ಟಣದಲ್ಲಿ ಊರ ಸೀಮೆ ದಾಟುವಷ್ಟರಲ್ಲಿ ಮೆತ್ತಗಾಗುತ್ತದೆ. ಒಳಗಿನ ಗಾಳಿ ತೆಗೆದು ಬಿಗಿಯಾಗಿ ಮುಚ್ಚುವ ಯಂತ್ರವೊಂದನ್ನು ಇಟ್ಟುಕೊಂಡು ಕುಳಿತರೆ, ಖಾರಾ ಮಾಡುವವರು ತಂದುಕೊಡುತ್ತಾರೆ, ನಾನು ಪ್ಯಾಕ್ ಮಾಡಿಕೊಡುತ್ತೇನೆ. ಬೇರೆಯವರ ಯಂತ್ರಕ್ಕೆ ಪಾಸು-ಫೇಲು ಬರೆಯುತ್ತ ಕೂತವಳಿಗೆ ನನ್ನದೇ ಒಂದು ಯಂತ್ರ ಇರಬೇಕೆಂಬ ಆಸೆ ಎಷ್ಟೋ ದಿನದಿಂದ ಇತ್ತು.

ಹಾನಗಲ್ಲಿನಲ್ಲೇ ಕನ್ನಡ ಸಾಲಿ ಮಾಸ್ತರರಾದ ನಮ್ಮಪ್ಪನಿಗೆ ವಿಷಯ ಹೇಳಿದಾಗ ಅವರು ಕನ್ನಡಕ ಒರೆಸಿಕೊಂಡು, "ಉದ್ಯೋಗದಾಗ ಯೋಗ ಐತಿ, ಉದ್ಯಮದಾಗ ಯಮ ಅದಾನ. ನೋಡಿ ಹೆಜ್ಜಿ ಇಡು" ಅಂದರು. ಮಾಸ್ತರರ ಮಗಳು, ನಾನೇನು ಬಿಟ್ಟೇನೆ? ನಿಘಂಟು ತೆಗೆದು ನೋಡಿದೆ. ಯೋಗ ಎಂಬುದರ ಮೂಲದಲ್ಲಿ ಕಟ್ಟುವುದು, ಹೂಡುವುದು ಎಂಬ ಅರ್ಥ ಇದೆ, ನಮ್ಮ ನೊಗಕ್ಕೂ ಅದಕ್ಕೂ ನಂಟಿದೆ. ಯಮ ಎಂದರೆ ಹಿಡಿತ, ಲಗಾಮು. ಹಾಗಾದರೆ ನೊಗ ಹೊರುವುದಕ್ಕಿಂತ ಲಗಾಮು ಹಿಡಿಯುವುದು ವಾಸಿಯಲ್ಲವೇ ಎಂದು ಅಪ್ಪನಿಗೇ ತಿರುಗಿಸಿದೆ. ಉದ್ಯೋಗಂ ಪುರುಷಲಕ್ಷಣಂ ಎಂದಿದ್ದಾರೆ ಹಿರಿಯರು, ಆದ್ದರಿಂದ ನಾನು ಅದನ್ನು ಬಿಟ್ಟರೆ ನನ್ನ ಲಕ್ಷಣಕ್ಕೇನೂ ಊನವಿಲ್ಲ ಎಂದೂ ಸೇರಿಸಿದೆ. ಅಪ್ಪ ನಕ್ಕರು. ಅವ್ವ ನಗಲಿಲ್ಲ.

ಅವ್ವನಿಗೆ ನಗು ಬಾರದಿರಲು ಕಾರಣವಿತ್ತು. ಹಿರೇಕೆರೂರಿನಿಂದ ಗಂಡಿನ ಕಡೆಯವರು ನನ್ನನ್ನು ನೋಡಿಕೊಂಡು ಹೋಗಿದ್ದರು. ಹುಡುಗಿ ಕಾರ್ಖಾನೆಯಲ್ಲಿ ಎಂಜಿನಿಯರು ಎಂದು ಅವರಿಗೂ ಹುರುಪಿತ್ತು. ನಾನು ನೌಕರಿ ಬಿಡುತ್ತೇನೆ ಎಂದು ಬಾಯಿಬಿಟ್ಟ ಮೇಲೆ ಅವಲಕ್ಕಿಯನ್ನು ಪೂರ್ತಿ ತಿಂದು, ಚಹಾ ಕುಡಿದು, "ಬರ್ತೇವ್ರಿ" ಎಂದು ಎದ್ದರು. ಅವರು ಈ ತನಕ ಬಂದಿಲ್ಲ. ಅವ್ವ ಮಾತ್ರ ಬಹಳ ದಿನ ಅವಲಕ್ಕಿ ತಂದಿಟ್ಟುಕೊಂಡಿದ್ದಳು.

ಅಂಗಡಿ ತೆರೆದ ಮೇಲೆ ತಿಳಿಯಿತು, ವ್ಯಾಪಾರಿಗೆ ಈ ಜಗತ್ತಿನಲ್ಲಿ ಅತ್ಯಂತ ಹೆಚ್ಚು ಕೇಳಿಸುವ ಪದ ಯಾವುದೆಂದು. ನೀವೂ ಊಹಿಸಿರುತ್ತೀರಿ. ಬರುವವರು ಯಂತ್ರವನ್ನು ಮುಂದಿನಿಂದ ನೋಡುವರು, ಹಿಂದಿನಿಂದ ನೋಡುವರು, ಇದಕ್ಕೆ ಕರೆಂಟು ಎಷ್ಟು ಬೇಕು ಎಂದು ಕೇಳುವರು, "ಛಲೋ ಐತ್ರಿ, ಬರ್ತೇನ್ರಿ" ಎಂದು ಹೋಗುವರು. ವೀಳ್ಯದೆಲೆ ತೋಟದವರೊಬ್ಬರು ಒಂದು ಕಟ್ಟು ಎಲೆ ತಂದು ನೋಡಿ, ಗಾಳಿ ತೆಗೆದರೆ ಎಲೆ ಉಸಿರುಕಟ್ಟಿ ಸಾಯುತ್ತದೆ ಎಂದು ನನಗೇ ಎರಡು ಎಲೆ ಕೊಟ್ಟು ಹೋದರು. ಮನೆಮಾತಿನಲ್ಲೇ ಹೇಳುವುದಾದರೆ ನನ್ನ ಅಂಗಡಿಯಲ್ಲಿ ಗಿರಾಕಿಗಳು ಬಹಳ ಹೆಚ್ಚಾಗಿದ್ದರು. ಕೆಲಸವಿಲ್ಲದ ಬಡಗಿಯ ಗಾದೆಯನ್ನು ಇಲ್ಲಿ ಪೂರ್ತಿ ಹೇಳುವಂತಿಲ್ಲ, ನಾನು ಮಾಡಿದ್ದು ಅದರ ಮರ್ಯಾದಸ್ಥ ರೂಪ. ಅವ್ವನ ಶೇಂಗಾ ಚಟ್ನಿ, ಮಸಾಲೆ ಖಾರಪುಡಿ, ಕೊನೆಗೆ ಅಪ್ಪನ ಹಳೆಯ ಕನ್ನಡಕವನ್ನೂ ಗಾಳಿ ತೆಗೆದು ಪ್ಯಾಕ್ ಮಾಡಿಟ್ಟೆ.

ನನ್ನ ಕಣ್ಣೆಲ್ಲ ಇದ್ದದ್ದು ಮೆಹಬೂಬಸಾಬರ ಮೇಲೆ. ಹತ್ತಿರದ ಓಣಿಯಲ್ಲಿ ಅವರ ಖಾರಾ ಅಂಗಡಿ. ಅವರು ಒಪ್ಪಿದರೆ ಉಳಿದವರೂ ಒಪ್ಪುತ್ತಾರೆ ಎಂದು ಬಜಾರೆಲ್ಲ ಹೇಳುತ್ತಿತ್ತು. ನಾನೇ ಹೋಗಿ ಕರೆದೆ, ಬಂದರು. ಅವರ ಖಾರಾ ತುಂಬಿಸಿ ಅವರೆದುರಿಗೇ ಒಂದು ಪ್ಯಾಕೆಟ್ಟು ಮುಚ್ಚಿಕೊಟ್ಟು, ಒಂದು ತಿಂಗಳು ಇಟ್ಟರೂ ಗರಿಗರಿ ಇರುತ್ತದೆ ಎಂದೆ.

"ಸವಣೂರ ಖಾರಾ ಸಂಜಿತನಾ ಉಳಿಯೂದಿಲ್ರೀ ಅಕ್ಕಾರ," ಅಂದರು ಮೆಹಬೂಬಸಾಬರು. "ತಿಂಗಳ ಇಡಾಕ ಅದೇನ ಉಪ್ಪಿನಕಾಯಿ ಏನ್ರೀ?"

ಆದರೂ ಪ್ಯಾಕೆಟ್ಟನ್ನು ಬಿಡದೆ ಜೇಬಿಗೆ ಹಾಕಿಕೊಂಡರು. ಮೆಟ್ಟಿಲಿಳಿಯುತ್ತ "ಬರ್ತೇನ್ರಿ" ಅಂದರು. ಹಿರೇಕೆರೂರಿನವರ ಅವಲಕ್ಕಿಯ ಪಕ್ಕಕ್ಕೆ ಇವರನ್ನೂ ಮನಸ್ಸಿನಲ್ಲಿ ಇಟ್ಟುಬಿಟ್ಟೆ.

ಆ ವಾರವೇ ತಿವಾರಿ ಸಾಹೇಬರ ಫೋನು ಬಂತು. "ನೀವು ಬರ್ತೇನೆ ಹೇಳಿದ್ರಿ. ಯಾವಾಗ ಬರ್ತೀರಿ?" ಎಂದರು. ಮೊದಲು ನನಗೆ ತಿಳಿಯಲಿಲ್ಲ, ತಿಳಿದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಕುರ್ಚಿ ಹಾಗೇ ಇದೆ, ಕೌದಿಯೂ ಹಾಗೇ ಇದೆ. ದಸರೆಯ ತನಕ ಕಾಯಬಹುದು, ದಸರೆ ಮುಗಿದ ಮರುದಿನ ಬಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ ಎಂದು ಅವರು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಹೇಳಿದರು. ಹೋಗುತ್ತೇನೆ ಎಂಬ ಅರ್ಥದಲ್ಲಿ ಬರ್ತೇನಿ ಅಂದದ್ದು ಸರ್ ಎಂದು ವಿವರಿಸಲು ಬಾಯಿ ತೆರೆದೆ. ಆದರೆ ಬಾಯಿಂದ ಬಂದದ್ದು, "ಆತ್ರಿ ಸರ್, ಹೇಳ್ತೇನ್ರಿ."

ನೋಡಿ, ಸೇತುವೆ ಸುಟ್ಟು ಬಂದವರ ಕಥೆಗಳು ಬಹಳ ಇವೆ. ಹಿಂದಕ್ಕೆ ಹೋಗಲು ದಾರಿಯಿಲ್ಲದವನು ಧೈರ್ಯವಂತನಾಗುವುದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ನನ್ನ ಸೇತುವೆಗೆ ಯಾರೋ ದಿನಾ ಕಸಗುಡಿಸಿ ನೀರು ಹೊಡೆದು ಇಟ್ಟಿದ್ದರು. ನನ್ನ ಸಂಕಟ ಅದು. ಮನೆಯಲ್ಲಿ ಹೇಳಿದಾಗ ಅವ್ವ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಅಪ್ಪ ಮಾತ್ರ ಪತ್ರಿಕೆಯ ಮೇಲಿಂದ ಕಣ್ಣೆತ್ತಿ, "ನಿನ್ನ ನೊಗ, ನಿನ್ನ ಲಗಾಮು. ನಂದೇನಿಲ್ಲ" ಎಂದು ಮತ್ತೆ ಪತ್ರಿಕೆಯೊಳಗೆ ಹೋದರು.

ದಸರೆ ಬಂತು, ಬನ್ನಿ ಎಲೆ ಹಂಚಿದ್ದಾಯಿತು, ಬಂಗಾರದಂಗ ಇರೂಣು ಎಂದು ಎಲ್ಲರಿಗೂ ಹೇಳಿದ್ದಾಯಿತು. ಮರುದಿನ ಬೆಳಿಗ್ಗೆ ಹಾನಗಲ್ ಬಸ್ಸಿನಿಂದ ಬಂಕಾಪುರದಲ್ಲಿ ಇಳಿದೆ. ಅಲ್ಲಿಂದ ದಾರಿ ಎರಡು. ಹೆದ್ದಾರಿ ಹಿಡಿದರೆ ಶಿಗ್ಗಾವಿ, ಒಳಗಿನ ರಸ್ತೆ ಹಿಡಿದರೆ ಸವಣೂರು. ನಿರ್ಧಾರ ಮಾಡುವ ತಾಕತ್ತು ನನ್ನಲ್ಲಿ ಉಳಿದಿರಲಿಲ್ಲವಾದ್ದರಿಂದ ಅದನ್ನು ಸಾರಿಗೆ ಇಲಾಖೆಗೆ ವಹಿಸಿದೆ. ಯಾವ ಬಸ್ಸು ಮೊದಲು ಬರುತ್ತದೋ ಅದನ್ನೇ ಹತ್ತುವುದು, ಅದೇ ದೈವ ಎಂದುಕೊಂಡು ನಿಂತೆ. ಕೋಟೆಯ ಕಡೆಯಿಂದ ನವಿಲೊಂದು ಕೂಗುತ್ತಿತ್ತು, ನನಗೆ ಅದು ಬಯ್ದಂತೆಯೇ ಕೇಳಿಸಿತು.

ಮೊದಲು ಬಂದದ್ದು ಶಿಗ್ಗಾವಿ ಬಸ್ಸು.

ಹತ್ತಲಿಲ್ಲ. ಬಸ್ಸು ಬಹಳ ರಶ್ ಇದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಕಿಟಕಿಯ ಸೀಟುಗಳೇ ಖಾಲಿ ಇದ್ದವು. ಕಂಡಕ್ಟರು ಎರಡು ಸಲ ಕರೆದ, ನಾನು ಮೊಬೈಲಿನಲ್ಲಿ ಏನನ್ನೋ ನೋಡುತ್ತ ನಿಂತೆ. ಬಸ್ಸು ಹೋದ ಮೇಲೆ ಎದೆ ಎಷ್ಟು ಹಗುರಾಯಿತೆಂದರೆ ಮುಂದಿನ ಶಿಗ್ಗಾವಿ ಬಸ್ಸನ್ನೂ ರಶ್ ಎಂದು ಬಿಟ್ಟುಬಿಡುತ್ತಿದ್ದೆ. ದೈವವನ್ನು ಕೇಳುವುದು ಒಳ್ಳೆಯದೇ, ಅದು ಬೇಡದ್ದನ್ನು ಹೇಳಿದಾಗ ನಮಗೆ ಬೇಕಾದ್ದು ಯಾವುದೆಂದು ಸ್ಪಷ್ಟವಾಗುತ್ತದೆ.

ಸವಣೂರಿನಲ್ಲಿ ಇಳಿದು ಅಂಗಡಿಗೆ ಬಂದರೆ ಮೆಟ್ಟಿಲ ಮೇಲೆ ಮೆಹಬೂಬಸಾಬರು ಕುಳಿತಿದ್ದಾರೆ, ಪಕ್ಕದಲ್ಲಿ ದೊಡ್ಡ ಡಬ್ಬಿ. ಸೋಲಾಪುರಕ್ಕೆ ಕೊಟ್ಟ ಅವರ ಮಗಳು ಈಗ ಬಸುರಿಯಂತೆ, ತಂದೆಯ ಕೈಯ ಖಾರಾ ಬೇಕೆಂದು ಬಯಕೆಯಂತೆ. ಬಸ್ಸಿನಲ್ಲಿ ಕಳಿಸಿದ್ದು ಮೆತ್ತಗಾಗಿ ಮುಟ್ಟಿ, ಇದು ನಿಮ್ಮ ಕೈಯದ್ದೇ ಅಲ್ಲ ಎಂದು ಹುಡುಗಿ ಫೋನಿನಲ್ಲಿ ಅತ್ತಳಂತೆ. ಹೇಳುತ್ತ ಅವರ ಕಣ್ಣೂ ತುಂಬಿದವು. ಅಷ್ಟು ದಿನ ಯಾಕೆ ಬರಲಿಲ್ಲ, ನೀವು ಬರುವುದಿಲ್ಲ ಎಂದೇ ತಿಳಿದಿದ್ದೆ ಎಂದು ಕೇಳಿಯೇಬಿಟ್ಟೆ.

ಅವರಿಗೆ ಆಶ್ಚರ್ಯವಾಯಿತು. "ಬರ್ತೇನಿ ಅಂದಿದ್ನಲ್ರೀ. ತಿಂಗಳ ಇರತೈತಿ ಅಂತ ನೀವ ಅಂದ್ರಿ. ತಿಂಗಳ ತುಂಬಲಾರದ ಪಾಕೀಟ ಹೆಂಗ ಒಡೀಲಿ, ಹೆಂಗ ಬರ್ಲಿ?" ಎಂದು, ಆ ದಿನ ಜೇಬಿಗೆ ಹಾಕಿಕೊಂಡ ಪ್ಯಾಕೆಟ್ಟನ್ನು ತೆಗೆದು, ಒಡೆದು, ನನ್ನ ಕೈಗೆ ಸುರಿದರು. ಬಾಯಿಗೆ ಹಾಕಿಕೊಂಡೆ. ಓಣಿಯ ತುದಿಗೆ ಕೇಳಿಸುವಷ್ಟು ಗರಿಗರಿ ಇತ್ತು.

ಸೋಲಾಪುರದ ಪ್ಯಾಕೆಟ್ಟುಗಳು ಹೊರಟ ಮೇಲೆ ತಿವಾರಿ ಸಾಹೇಬರಿಗೆ ಫೋನು ಮಾಡಿದೆ. ಬರ್ತೇನಿ ಎಂಬುದರ ಒಳಹೊರಗನ್ನೆಲ್ಲ ಬಿಡಿಸಿ ಹೇಳಿ, ತಪ್ಪು ತಿಳಿಯಬೇಡಿ ಎಂದೆ. ಅವರು ದೊಡ್ಡದಾಗಿ ನಕ್ಕು, ಹಾಗಾದರೆ ಇಷ್ಟು ದಿನ ತಮಗೆ ಬರ್ತೇನೆ ಎಂದವರೆಲ್ಲ ಹೋದವರೇ ಎಂದು ಕೇಳಿದರು. ಎಲ್ಲರೂ ಅಲ್ಲ ಸರ್, ಕೆಲವರು ಬರುತ್ತಾರೆ ಎಂದೆ. ಕೊನೆಗೆ ಫೋನು ಇಡುವಾಗ ಹಳೆಯ ಚಟದಂತೆ ನಾಲಿಗೆಯ ತುದಿಗೆ ಅದೇ ಪದ ಬಂತು, ನುಂಗಿಕೊಂಡೆ. "ಸರ್, ನೀವ ಬರ್ರಿ" ಅಂದೆ. ಅಂದ ಮೇಲೆ ಹೊಳೆಯಿತು. ನೌಕರಿಯಲ್ಲಿದ್ದಷ್ಟು ದಿನ ನಾನು ಬಂದೆ ಸರ್, ಬರ್ತೇನ್ರಿ ಸರ್ ಎಂದೇ ಬದುಕಿದವಳು. ಮತ್ತೊಬ್ಬರಿಗೆ ಬರ್ರಿ ಅನ್ನಲು ನನ್ನದೊಂದು ಬಾಗಿಲು ಬೇಕಾಗಿತ್ತು.

ಮುಂದಿನ ಭಾನುವಾರ ಅವರು ಬಂದೇಬಂದರು. ಬಗಲಲ್ಲಿ ಅವ್ವನ ಕೌದಿ ಇತ್ತು. ಅದನ್ನು ತಾವೇ ನನ್ನ ಸ್ಟೂಲಿನ ಮೇಲೆ ಹಾಸಿ, ಯಂತ್ರವನ್ನು ಮ್ಯಾನೇಜರರ ಕಣ್ಣಿನಿಂದ ತಪಾಸಣೆ ಮಾಡಿ, ಒಂದು ನಟ್ಟು ಸಡಿಲವಿದೆ ಎಂದು ಬಯ್ದು ಬಿಗಿ ಮಾಡಿದರು. ಮೆಹಬೂಬಸಾಬರು ಕೈಯಾರೆ ತಂದ ಖಾರಾ ಚುರುಮುರಿ ತಿಂದು ಮೂಗು ಒರೆಸಿಕೊಂಡರು. ಅಂಗಡಿಯಲ್ಲಿ ನಮ್ಮ ಮೂವರ ಜೊತೆ ಇನ್ನೂ ಇಬ್ಬರು ಖಾರಾದವರು ಡಬ್ಬಿ ಹಿಡಿದು ನಿಂತಿದ್ದರು. ಆ ಹೊತ್ತಿನಲ್ಲಿ ನನಗೆ ಎಷ್ಟು ಸಂತೋಷವಾಗಿತ್ತೆಂದರೆ ಹಿರೇಕೆರೂರಿನವರು ಬಂದಿದ್ದರೂ ಚಹಾ ಕೊಡುತ್ತಿದ್ದೆ.

ಹೊರಡುವಾಗ ಸಾಹೇಬರು ಮೆಟ್ಟಿಲ ಮೇಲೆ ನಿಂತು, ಬೂಟು ಮೆಟ್ಟಿ, ತಿರುಗಿ ನೋಡಿ, "ಬರ್ತೇನ್ರಿ" ಅಂದರು. ಉಚ್ಚಾರ ನಮ್ಮದೇ, ಚೂರೂ ಕಾನಪುರವಿರಲಿಲ್ಲ. ಹೊರಟೆ ಎಂದು ಅಂದರೋ, ಮತ್ತೆ ಬರುತ್ತೇನೆ ಎಂದು ಅಂದರೋ? ಮುಖ ನೋಡಿದೆ, ಗೊತ್ತಾಗಲಿಲ್ಲ. ಪುಣ್ಯಕ್ಕೆ ನಮ್ಮ ಕಡೆ ಎರಡಕ್ಕೂ ಉತ್ತರ ಒಂದೇ.

"ಬರ್ರಿ" ಅಂದೆ.